ಹರೆಯದ ಕೈ, ಮಲೆನಾಡಿನ ಗೋಡೆ

ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆ ಗೋಡೆಯ ಅಂದಕ್ಕೆ ಆಯಸ್ಸು ಕಡಿಮೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೆ ಬಿಡುವುದಿಲ್ಲ. ಎರಚಲು ಹೊಡೆದು ಹೊರಗೋಡೆಗೆ ಪಾಚಿ ಹತ್ತುತ್ತದೆ, ಒಳಗೋಡೆಗೆ ಬೂಷ್ಟು ಹಿಡಿಯುತ್ತದೆ. ಕ್ಯಾಲೆಂಡರಿನ ಹಾಳೆ ಉಬ್ಬುತ್ತದೆ, ಚೌಕಟ್ಟಿನೊಳಗಿನ ಫೋಟೊದ ಅಂಚಿಗೆ ಕಂದು ಕಲೆ ಬೀಳುತ್ತದೆ. ಮಳೆ ಹೊಳವಾಗಿ ಬಿಸಿಲು ಕಾಣುವ ಹೊತ್ತಿಗೆ ನವರಾತ್ರಿ ಬಂದಿರುತ್ತದೆ, ಅದರ ಬೆನ್ನಿಗೇ ಭೂಮಿ ಹುಣ್ಣಿಮೆ, ದೀಪಾವಳಿ. ಆ ಕೆಲವು ವಾರಗಳಲ್ಲಿ ಮನೆಯ ಗೋಡೆಗಳಿಗೆ ಹೊಸ ಮೈ ಬರಬೇಕು. ಈ ಬೆಟ್ಟಗಳಲ್ಲಿ ಗೋಡೆಯನ್ನು ಸಿಂಗರಿಸುವುದು ಒಮ್ಮೆ ಮಾಡಿ ಮುಗಿಸುವ ಕೆಲಸ ಆಗಿರಲೇ ಇಲ್ಲ. ಅದು ವರ್ಷವರ್ಷವೂ ಮೊದಲಿನಿಂದ ಶುರುವಾಗುತ್ತಿತ್ತು, ಮನೆಯ ಎಳೆಯರ ಕೈಯಲ್ಲೇ ಬಹುಪಾಲು ನಡೆಯುತ್ತಿತ್ತು.

ಈಗ ಹದಿನೈದು ಹದಿನಾರರ ಮಕ್ಕಳು ತಮ್ಮ ಕೋಣೆಯ ಗೋಡೆಗೆ ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತಾರೆ, ದಾರಕ್ಕೆ ಕ್ಲಿಪ್ಪು ಹಾಕಿ ಫೋಟೊ ನೇತುಹಾಕುತ್ತಾರೆ, ಸಣ್ಣ ದೀಪಗಳ ಸರ ಎಳೆಯುತ್ತಾರೆ. ಮೊಬೈಲಿನ ವಿಡಿಯೊಗಳಲ್ಲಿ ಅದು ದೂರದ ಊರುಗಳಿಂದ ಬಂದ ಹೊಸ ಹವ್ಯಾಸವಾಗಿ ಕಾಣುತ್ತದೆ. ಸ್ವಂತ ಕೋಣೆ ಎಂಬುದು ಇಲ್ಲಿ ನಿಜಕ್ಕೂ ಹೊಸದು. ಕೈಗೆ ಸಿಕ್ಕಿದ್ದರಲ್ಲಿ ಗೋಡೆ ಸಿಂಗರಿಸುವುದು ಮಾತ್ರ ಹಂಚಿಗಿಂತ, ಕಾಫಿಗಿಂತ ಹಳೆಯದು. ಅದರ ಕತೆ ಮಣ್ಣಿನಿಂದ ಶುರುವಾಗುತ್ತದೆ.

ಹುಲ್ಲಿನ ಮನೆ, ಸೋಗೆಯ ಮನೆಗಳ ಕಾಲದಲ್ಲಿ ಗೋಡೆಯೆಂದರೆ ಕೆಮ್ಮಣ್ಣನ್ನು ತುಳಿದು ಹದಮಾಡಿ ಎಬ್ಬಿಸಿದ್ದು. ಅದರ ಮೇಲೆ ಸೆಗಣಿ ಬೆರೆಸಿದ ಸಾರಣೆ. ಸಾರಣೆ ಒಣಗಿದ ಮೇಲೆ ಕಾರಣೆ, ಅಂದರೆ ಕೆಂಪು ಬಿಳಿ ಪಟ್ಟೆಗಳು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಮ್ಮಣ್ಣು, ಮೇಲೆ ಜೇಡಿ ಅಥವಾ ಸುಣ್ಣ, ಎರಡೂ ಕೂಡುವಲ್ಲಿ ಒಂದು ಗೆರೆ. ಈ ಬಣ್ಣದ ಹಂಚಿಕೆಗೆ ಕಾರಣವಿದೆ. ಮಳೆಯ ನೀರು ಅಂಗಳದ ಕೆಮ್ಮಣ್ಣನ್ನು ಗೋಡೆಯ ಬುಡಕ್ಕೆ ಸಿಡಿಸುತ್ತದೆ. ಬುಡವೇ ಕೆಂಪಾಗಿದ್ದರೆ ಆ ಕಲೆ ಕಾಣುವುದಿಲ್ಲ. ಜಗಲಿಯ ಅಂಚಿಗೆ, ಹೊಸ್ತಿಲಿಗೆ, ತುಳಸಿಕಟ್ಟೆಗೆ, ಬಾಗಿಲ ದಾರಂದಕ್ಕೆ ಚುಕ್ಕಿ ಗೆರೆಗಳು. ಹಿರಿಯರು ಗೋಡೆ ಮೆತ್ತಿದರೆ, ಗೆರೆ ಎಳೆಯುವ ಕೆಲಸ ಹುಡುಗಿಯರ ಪಾಲಿಗೆ ಬರುತ್ತಿತ್ತು. ಕೈ ನಡುಗದೆ ಉದ್ದ ಗೆರೆ ಎಳೆಯುವುದನ್ನು ಅವರು ಕಲಿಯುತ್ತಿದ್ದದ್ದು ಅಲ್ಲೇ.

ದೀಪಾವಳಿಯ ಗೋಪೂಜೆಯ ದಿನ ಇದೇ ಬಣ್ಣ ಕೊಟ್ಟಿಗೆಗೂ ಹೋಗುತ್ತದೆ. ಸಿದ್ದೆ ಎಂಬ ಅಳತೆಯ ಪಾತ್ರೆಯ ಬಾಯನ್ನು ಜೇಡಿಯಲ್ಲೋ ಕೆಮ್ಮಣ್ಣಿನಲ್ಲೋ ಅದ್ದಿ ದನಗಳ ಮೈಮೇಲೆ ಒತ್ತಿ ದುಂಡನೆಯ ಗುರುತು ಮೂಡಿಸುತ್ತಾರೆ. ಮಕ್ಕಳಿಗೆ ಈ ಕೆಲಸವೆಂದರೆ ಪ್ರಾಣ. ಅಚ್ಚು ಒತ್ತಿ ಅಲಂಕರಿಸುವ ಮೊದಲ ಪಾಠ ಮಲೆನಾಡಿನ ಮಕ್ಕಳಿಗೆ ಸಿಗುವುದು ಹೀಗೆ, ಅಳತೆಯ ಪಾತ್ರೆಯಿಂದ.

ಗೋಡೆಗೆ ಗೆರೆ ಬರೆಯುವ ಈ ಕಲೆ ತನ್ನ ಪೂರ್ಣ ರೂಪಕ್ಕೆ ಬೆಳೆದದ್ದು ಕಾಫಿ ಬೆಟ್ಟಗಳಿಂದ ಸ್ವಲ್ಪ ಉತ್ತರಕ್ಕೆ, ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಮತ್ತು ಉತ್ತರ ಕನ್ನಡದ ಸಿದ್ದಾಪುರದ ದೀವರ ಸಮುದಾಯದ ಮನೆಗಳಲ್ಲಿ. ಅಲ್ಲಿ ಅದರ ಹೆಸರು ಹಸೆ ಚಿತ್ತಾರ. ಮದುವೆಯ ಮನೆಯಲ್ಲಿ ಹೆಣ್ಣು ಗಂಡು ಕೂರುವ ಹಸೆಯ ಹಿಂದಿನ ಗೋಡೆಯ ಮೇಲೆ ಅದನ್ನು ಬರೆಯುತ್ತಾರೆ. ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಒಂದು ದೊಡ್ಡ ಚೌಕ. ಅದರ ಸುತ್ತ ಒಂದರೊಳಗೊಂದು ಸೇರುವ ಸಣ್ಣ ಗೆರೆಗಳ ಅಂಚು. ನಡುವೆ ದಂಡಿಗೆ, ಬಾಸಿಂಗ ತೊಟ್ಟ ಗಂಡು ಹೆಣ್ಣು, ಭತ್ತದ ತೆನೆ, ಗುಬ್ಬಿ, ಗಿಳಿ. ಹತ್ತಿರ ಹೋಗಿ ನೋಡಿದರೆ ಇಡೀ ಚಿತ್ರವೇ ನೇರ ಗೆರೆಗಳಿಂದ ಆಗಿರುವುದು ಗೊತ್ತಾಗುತ್ತದೆ. ಮನುಷ್ಯರ ಮೈಯೂ ತ್ರಿಕೋನಗಳೇ.

ಬಣ್ಣಕ್ಕೆ ಅಂಗಡಿಯ ಹಂಗಿಲ್ಲ. ಅಕ್ಕಿಯನ್ನು ನೆನೆಹಾಕಿ ನುಣ್ಣಗೆ ರುಬ್ಬಿದರೆ ಬಿಳಿ. ಅದೇ ಅಕ್ಕಿಯನ್ನು ಕಪ್ಪಗೆ ಹುರಿದು ನೆನೆಸಿ ಅರೆದರೆ ಕರಿ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಂಡರೆ ಕೆಂಪು. ಕಾಡಿನ ಗುರಿಗೆ ಕಾಯಿಯಿಂದ ಹಳದಿ. ಕುಂಚವೂ ಮನೆಯದೇ. ಪುಂಡಿ ನಾರನ್ನು ಬೇಕಾದಷ್ಟು ಎಳೆ ತೆಗೆದು ಕಟ್ಟಿ, ತುದಿಯನ್ನು ಜಜ್ಜಿ ಮೆದುಮಾಡಿಕೊಳ್ಳುತ್ತಾರೆ. ಎಳೆ ಕಡಿಮೆಯಾದಷ್ಟೂ ಗೆರೆ ಸಣ್ಣಗೆ ಬರುತ್ತದೆ. ಅಕ್ಕಿಯ ಹಿಟ್ಟಿನಲ್ಲಿರುವ ಗಂಜಿಯ ಅಂಶವೇ ಅಂಟಾಗಿ ಬಣ್ಣ ಗೋಡೆಗೆ ಹಿಡಿಯುತ್ತದೆ, ಬೇರೆ ಗೋಂದು ಬೇಕಿಲ್ಲ.

ಚಿತ್ತಾರದಲ್ಲಿ ಕೈ ಪಳಗಿದ ಹೆಂಗಸನ್ನು ಚಿತ್ತಾರಗಿತ್ತಿ ಎನ್ನುತ್ತಾರೆ. ಮದುವೆಯ ಕೆಲಸ ಬಂತೆಂದರೆ ಆಕೆಗೆ ಹೇಳಿಕಳಿಸುತ್ತಾರೆ. ಆಕೆ ಹಾಡಿಕೊಂಡೇ ಬರೆಯುತ್ತಾಳೆ, ಸುತ್ತ ಕೂತವರು ಸೊಲ್ಲಿಗೆ ಸೊಲ್ಲು ಸೇರಿಸುತ್ತಾರೆ. ಬಣ್ಣ ಕಲಸಿಕೊಡುವವರು, ಅಂಚು ತುಂಬುವವರು ಮನೆಯ ಎಳೆ ಹುಡುಗಿಯರು. ಯಾವ ಶಾಲೆಯೂ ಈ ವಿದ್ಯೆಯನ್ನು ಕಲಿಸಲಿಲ್ಲ. ಇನ್ನೊಬ್ಬರ ಮದುವೆಯ ಗೋಡೆಯ ಮೂಲೆಯಲ್ಲಿ ಕೈ ತಿದ್ದಿ, ನಾಲ್ಕಾರು ವರ್ಷದಲ್ಲಿ ನಡುವಿನ ಚೌಕಕ್ಕೆ ಬರುವಷ್ಟು ಪಳಗುತ್ತಿದ್ದರು. ಮಲೆನಾಡಿನ ಕಲೆಯ ಇತಿಹಾಸ ಬರೆಯುವಾಗ ಈ ಮೂಲೆಯ ಹುಡುಗಿಯರನ್ನು ಮರೆತರೆ ಅರ್ಧ ಇತಿಹಾಸವೇ ತಪ್ಪಿಹೋಗುತ್ತದೆ. ಗೆರೆಯ ಲೆಕ್ಕವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ಅವರು.

ಭೂಮಿ ಹುಣ್ಣಿಮೆಗೆ ಇದೇ ಚಿತ್ತಾರ ಬಿದಿರಿನ ಬುಟ್ಟಿಯ ಮೇಲೆ ಬರುತ್ತದೆ. ಬಸಿರಾದ ಭೂಮಿತಾಯಿಗೆ ಬಯಕೆಯ ಊಟವೆಂದು ಹೊತ್ತೊಯ್ಯುವ ಚರಗದ ಬುಟ್ಟಿ ಅದು. ಭೂಮಣ್ಣಿ ಬುಟ್ಟಿ ಎಂದು ಅದರ ಹೆಸರು. ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಸಾರಿಸಿ, ಒಣಗಿಸಿ, ಅದರ ಬಾಗಿದ ಮೈಮೇಲೆ ಗೆರೆ ಬರೆಯುವುದು ಗೋಡೆಗಿಂತ ಕಷ್ಟದ ಕೆಲಸ. ಹಬ್ಬ ಕಾಫಿ ನಾಡಿನಲ್ಲೂ ನಡೆಯುತ್ತದೆ. ಮೂಡಿಗೆರೆ, ಕೊಪ್ಪ, ಕಳಸದ ಗದ್ದೆಗಳಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಆ ಹುಣ್ಣಿಮೆ ಬರುತ್ತದೆ.

ಹಳ್ಳಿಯ ಹೆಂಗಸರು ಬಾಯಿಂದ ಬಾಯಿಗೆ ದಾಟಿಸಿದ್ದನ್ನು ಅರಮನೆಯ ಪಂಡಿತರು ಪುಸ್ತಕದಲ್ಲಿ ಇಟ್ಟರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕ್ಕೆ ಗೋಡೆಯನ್ನು ಹೇಗೆ ಸಿದ್ಧಪಡಿಸಬೇಕು, ಎಮ್ಮೆಯ ಚರ್ಮವನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ಹೇಗೆ ಮಾಡಬೇಕು ಎಂಬುದೆಲ್ಲ ಇದೆ. ಪುಡಿಯಿಂದ ಬಿಡಿಸುವ ರಂಗೋಲಿಯನ್ನೂ ಆ ಗ್ರಂಥ ಚಿತ್ರದ ಒಂದು ಬಗೆಯೆಂದು ಎಣಿಸುತ್ತದೆ, ಧೂಳಿಚಿತ್ರ ಎನ್ನುತ್ತದೆ. ಹೆಂಗಸರು ದಿನಾ ಬೆಳಿಗ್ಗೆ ಅಂಗಳದಲ್ಲಿ ಬಿಡಿಸುವುದಕ್ಕೆ ರಾಜನ ಗ್ರಂಥದಲ್ಲಿ ಜಾಗ ಸಿಕ್ಕಿದ್ದು ದೊಡ್ಡ ಮಾತು. ಮಲೆನಾಡಿನದೇ ಆದ ಕೆಳದಿಯ ಬಸವಪ್ಪ ನಾಯಕ 18ನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೂ ಚಿತ್ರಕಲೆಯ ವಿಷಯವನ್ನು ಎತ್ತಿಕೊಳ್ಳುತ್ತದೆ.

ಚಾರ್ಮಾಡಿ ಘಾಟಿ ಇಳಿದು ಕರಾವಳಿ ಸೇರಿ ಬಡಗಕ್ಕೆ ಹೋದರೆ ಇನ್ನೊಂದು ಬಗೆ ಸಿಗುತ್ತದೆ. ಗೋಕರ್ಣ, ಅಂಕೋಲದ ಕಡೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆ ಇದೆ. ಚಿಪ್ಪಿನ ಸುಣ್ಣದ ಗಾರೆಯ ಮೇಲೆ ಹುರಮಂಜಿಯ ಕೆಂಪು ಪದರ ಹಚ್ಚಿ, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಚಿತ್ರವಾಗಿ ಎತ್ತುತ್ತಾರೆ. ಕೆಂಪು, ಬಿಳಿ ಎಂಬ ಎರಡೇ ಬಣ್ಣದ ಆಟ ಘಾಟಿಯ ಮೇಲೂ ಕೆಳಗೂ ಒಂದೇ. ಮೇಲೆ ಅದು ವರ್ಷಕ್ಕೊಮ್ಮೆ ಅಳಿಸಿ ಬರೆಯುವ ಗೆರೆಯಾಯಿತು, ಕೆಳಗೆ ಗಾರೆಯೊಳಗೇ ಕೂತು ತಲೆಮಾರುಗಳ ಕಾಲ ಉಳಿಯಿತು.

ಕಾಫಿ ಬಂದ ಮೇಲೆ ಗೋಡೆಯ ಲೆಕ್ಕ ಬದಲಾಯಿತು. ಬಾಬಾ ಬುಡನ್ 17ನೆಯ ಶತಮಾನದಲ್ಲಿ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಊರೆಲ್ಲ ಹೇಳುವ ಕತೆ. ಬ್ರಿಟಿಷ್ ತೋಟಗಾರರು ಇಲ್ಲಿ ನೆಲೆಯೂರಿದ್ದು 1830ರ ಆಸುಪಾಸಿನಿಂದ. ಅವರ ಬಂಗಲೆಗಳಲ್ಲಿ ಗೋಡೆ ಎತ್ತರವಾಯಿತು, ಬಿಳಿಯಾಯಿತು. ಆ ಬಿಳಿಯ ಮೇಲೆ ಕೋಡು, ಕೊಂಬು, ಹುಲಿಯ ಚರ್ಮ, ಕಾಟಿಯ ತಲೆ ಬಂದು ಕೂತವು. ಬೇಟೆಯ ಪ್ರಾಣಿಗಳನ್ನು ಹದಮಾಡಿ ಜೀವ ಬಂದ ಹಾಗೆ ನಿಲ್ಲಿಸಿಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೆ ದಕ್ಷಿಣದ ಶಿಕಾರಿದಾರರೆಲ್ಲ ಗಿರಾಕಿಗಳು. ದೇಶೀ ತೋಟಗಾರರ ಮನೆಗಳಿಗೂ ಈ ಬಗೆಯ ಗೋಡೆ ಹಬ್ಬಿತು. ತೋಟದ ಮನೆಯ ಹುಡುಗನ ಪಾಲಿಗೆ ಗೋಡೆಯಲ್ಲಿ ತೂಗುವ ಕೋವಿ ಮತ್ತು ಅದರ ಮೇಲಿನ ಕಡವೆಯ ಕೊಂಬು ಗಂಡಸುತನದ ಗುರುತಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆ ಗೋಡೆಗೆ ಕಾನೂನಿನ ತಡೆ ಬಿದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಅದೇ ಕಾಲದಲ್ಲಿ ಮೂಡಿಗೆರೆಯ ಒಂದು ತೋಟದ ಮನೆಯಲ್ಲಿ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದಿತ್ತು. ಪೂರ್ಣಚಂದ್ರ ತೇಜಸ್ವಿ ಕತೆ, ಕಾದಂಬರಿ ಬರೆದಷ್ಟೇ ತನ್ಮಯರಾಗಿ ಚಿತ್ರ ಬರೆದರು, ಹಕ್ಕಿಗಳ ಫೋಟೊ ತೆಗೆದರು. ಹೊಗರೆಕಾನು, ಎಮ್ಮೆದೊಡ್ಡಿಯ ಕಾಡುಗಳಲ್ಲಿ ನರಭಕ್ಷಕಗಳ ಬೆನ್ನು ಹತ್ತಿದ ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದವರೂ ಅವರೇ. ಅವರ 1980ರ ಕಾದಂಬರಿ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಬೆನ್ನು ಹತ್ತುವವರು ಅದನ್ನು ಕೊಂದು ಗೋಡೆಗೆ ಹಾಕುವ ಬೇಟೆಗಾರರಲ್ಲ, ಅದನ್ನು ಕಣ್ಣಾರೆ ನೋಡಬೇಕೆನ್ನುವವರು. ತೇಜಸ್ವಿಯವರ ಹಕ್ಕಿಯ ಚಿತ್ರಗಳನ್ನು ನೋಡಿ ಬೆಳೆದ ಕಾಫಿ ನಾಡಿನ ಮಕ್ಕಳಿಗೆ ಗೋಡೆಯ ಮೇಲೆ ಮಿಂಚುಳ್ಳಿಯ ಫೋಟೊ ಇರುವುದೇ ಅಂದವೆನಿಸಿತು. ಒಂದು ನಾಡಿನ ಗೋಡೆಯ ರುಚಿ ಒಬ್ಬ ಬರಹಗಾರನ ಜೀವಿತಕಾಲದಲ್ಲೇ ಇಷ್ಟು ಬದಲಾದದ್ದಕ್ಕೆ ಕನ್ನಡದಲ್ಲಿ ಬೇರೆ ಉದಾಹರಣೆ ಹುಡುಕುವುದು ಕಷ್ಟ. ಅವರು 2007ರಲ್ಲಿ ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ.

ಬಂಗಲೆಯ ಗೋಡೆಯಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆ ಮೇಲಿನಿಂದ ಬಂತು, ಹಂಚಿನ ರೂಪದಲ್ಲಿ. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಘಾಟಿ ಹತ್ತಿತು. ಹುಲ್ಲಿನ ಮಾಡು ತಗ್ಗಾಗಿ ಇಳಿದು ಒಳಗೆಲ್ಲ ಕತ್ತಲು ತುಂಬಿರುತ್ತಿತ್ತು. ಹಂಚಿನ ಮಾಡಿನ ಮನೆಗೆ ಗೋಡೆ ಎತ್ತರ ಬೇಕು. ಹಂಚುಗಳ ನಡುವೆ ಒಂದೆರಡು ಗಾಜಿನ ಹಂಚು ಇಟ್ಟರೆ ನಡುಮನೆಗೂ ಬೆಳಕು ಬಿದ್ದಿತು. ಚಿತ್ರ ನೇತುಹಾಕಲು ಮೊಳೆಗಿಂತ ಮೊದಲು ಬೆಳಕು ಬೇಕು. ಮಲೆನಾಡಿನ ಒಳಗೋಡೆಗಳಲ್ಲಿ ಪಟಗಳು ಹೆಚ್ಚಿದ್ದಕ್ಕೆ ಗಾಜಿನ ಹಂಚಿನ ಪಾಲು ದೊಡ್ಡದು.

ಪಟಗಳು ಆ ಹೊತ್ತಿಗೆ ಬಂದೇ ಬಂದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟ ಸಾಮಾನ್ಯರ ಕೈಗೂ ಎಟುಕಿತು. ಆಮೇಲೆ ಕ್ಯಾಲೆಂಡರುಗಳು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಶುರುವಾದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ಚಿತ್ರವಿಲ್ಲದಿದ್ದರೂ ಮನೆಮನೆಯ ಗೋಡೆ ಹಿಡಿಯಿತು. ಚಿತ್ರವಿದ್ದ ಕ್ಯಾಲೆಂಡರುಗಳಲ್ಲಿ ಕಲಬುರಗಿಯ ಎಸ್.ಎಂ. ಪಂಡಿತರ ದೇವತೆಗಳು ಭಾರತದುದ್ದಕ್ಕೂ ಹೋದವು. ವರ್ಷ ಮುಗಿದ ಮೇಲೆ ತಾರೀಖಿನ ಭಾಗವನ್ನು ಕತ್ತರಿಸಿ ಎಸೆದು ಚಿತ್ರವನ್ನಷ್ಟೇ ಕಟ್ಟುಹಾಕಿಸುವುದು, ಅದಕ್ಕೆ ಚಮ್ಕಿ ಅಂಟಿಸುವುದು, ಸೀರೆಯ ಜರಿಯ ತುಂಡನ್ನು ಹೊಲಿದು ದೇವಿಗೆ ಉಡಿಸುವುದು ಮನೆಯ ಹುಡುಗಿಯರ ಕೆಲಸವಾಯಿತು. ಅಚ್ಚಾದ ಚಿತ್ರ ಅಂಗಡಿಯಿಂದ ಬಂದರೂ ಅದನ್ನು ತಮ್ಮದಾಗಿಸಿಕೊಳ್ಳದೆ ಅವರು ಗೋಡೆಗೆ ಹಾಕಲಿಲ್ಲ.

ತೋಟದ ಕೂಲಿ ಲೈನುಗಳಲ್ಲಿ ಅಗತ್ಯವೇ ಬೇರೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಕೆಲಸಗಾರರಿಗೆ ಮನೆ ಕೊಡುವುದನ್ನು ಮಾಲೀಕರ ಹೊಣೆಯಾಗಿಸಿತು. ಆದರೂ ಲೈನು ಮನೆಯೆಂದರೆ ಒಂದು ಕೋಣೆ, ಒಂದು ಒಲೆ, ಪಕ್ಕದ ಮನೆಗೂ ತನಗೂ ನಡುವೆ ಒಂದೇ ಗೋಡೆ. ಸಂದಿಗಳಿಂದ ಬರುವ ಚಳಿಗಾಳಿ ತಡೆಯಲು, ಉದುರುವ ಗಾರೆ ಮರೆಸಲು ಹಳೆಯ ಪೇಪರು ಅಂಟಿಸುತ್ತಿದ್ದರು. ತಮಿಳುನಾಡಿನಿಂದ, ತುಳುನಾಡಿನಿಂದ, ಬಯಲುಸೀಮೆಯಿಂದ ಬಂದವರ ಗೋಡೆಗಳಲ್ಲಿ ಮುರುಗನೂ ಧರ್ಮಸ್ಥಳದ ಮಂಜುನಾಥನೂ ಹೊರನಾಡಿನ ಅನ್ನಪೂರ್ಣೇಶ್ವರಿಯೂ ಮೇರಿಯಮ್ಮನೂ ಇದ್ದರು. ಆ ಪೇಪರಿನ ಗೋಡೆಯೇ ಎಷ್ಟೋ ಮಕ್ಕಳಿಗೆ ಓದಿನ ಪುಸ್ತಕವೂ ಆಗಿದ್ದಿರಬೇಕು. ಗೋಡೆ ಸಿಂಗರಿಸುವ ಇತಿಹಾಸದಲ್ಲಿ ಬಡವರ ಈ ಅಂಟುಕಾಗದಕ್ಕೆ ಮರ್ಯಾದೆಯ ಜಾಗ ಸಿಗಬೇಕು. ಬಣ್ಣದ ಪತ್ರಿಕೆಗಳನ್ನು ಕತ್ತರಿಸಿ ಗೋಡೆ ತುಂಬಿಸುವುದನ್ನು ಇಂದು ನಗರದ ಮಕ್ಕಳು ಕಲೆಯೆಂದು ಮಾಡುತ್ತಾರೆ. ಲೈನಿನ ಮಕ್ಕಳು ಅದನ್ನು ಚಳಿಗೆ ಮಾಡಿದರು, ಮಾಡುತ್ತ ಯಾವ ಚಿತ್ರ ಕಣ್ಣೆತ್ತರಕ್ಕೆ ಬರಬೇಕೆಂದು ಆರಿಸಿದರು.

ಅಂಟಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಒಳ್ಳೆಯ ಅಂಟಾಗುತ್ತದೆ. ಮಳೆಗಾಲದಲ್ಲಿ ಅದಕ್ಕೇ ಬೂಷ್ಟು ಹಿಡಿಯುತ್ತದೆ, ಜಿರಲೆ ತಿನ್ನುತ್ತದೆ. ಪುಸ್ತಕ ಕಟ್ಟುವವರು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಕಾಫಿ ನಾಡಿನಲ್ಲಿ ಮೈಲುತುತ್ತಕ್ಕೆ ಕೊರತೆಯಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಕಂಡುಕೊಂಡ ಬೋರ್ಡೊ ದ್ರಾವಣವನ್ನು ಇಲ್ಲಿ ಕಾಫಿಗೂ ಅಡಿಕೆಗೂ ಕೊಳೆರೋಗ ಬಾರದಂತೆ ಸಿಂಪಡಿಸುತ್ತಾರೆ. ಅದರಲ್ಲಿರುವುದು ಸುಣ್ಣ ಮತ್ತು ಮೈಲುತುತ್ತ. ಗೋಡೆಯ ಸುಣ್ಣಕ್ಕೆ ಮೈಲುತುತ್ತವನ್ನೇ ಸ್ವಲ್ಪ ಬೆರೆಸಿದರೆ ತಿಳಿ ನೀಲಿ ಹಸಿರು ಬಣ್ಣ ಬರುತ್ತದೆ, ಪಾಚಿಯೂ ಬೂಷ್ಟೂ ಸ್ವಲ್ಪ ದೂರ ಉಳಿಯುತ್ತವೆ. ಗಿಡದ ಔಷಧವೇ ಗೋಡೆಯ ಬಣ್ಣವಾಯಿತು. ಮೈಲುತುತ್ತ ವಿಷ. ಎಳೆ ಮಕ್ಕಳ ಕೈಗೆ ಕೊಡುವ ವಸ್ತುವಲ್ಲ, ಹಿರಿಯರು ಬೆರೆಸಿಕೊಡಬೇಕು.

ಇಷ್ಟೆಲ್ಲ ಇದ್ದರೂ ಹರೆಯದವರಿಗೆಂದು ಒಂದು ಗೋಡೆ ಇರಲಿಲ್ಲ. ತೊಟ್ಟಿ ಮನೆಯಲ್ಲಿ ಜಗಲಿ, ನಡುಮನೆ, ದೇವರ ಕೋಣೆ, ಬಾಣಂತಿ ಕೋಣೆ, ಅಡುಗೆಮನೆ, ಅಟ್ಟ ಎಲ್ಲ ಇದ್ದವು. ಗಂಡುಮಕ್ಕಳು ಜಗಲಿಯಲ್ಲಿ, ಹೆಣ್ಣುಮಕ್ಕಳು ನಡುಮನೆಯಲ್ಲಿ ಚಾಪೆ ಬಿಡಿಸಿದರೆ ಅದೇ ಮಲಗುವ ಕೋಣೆ. ತಮ್ಮದು ಎನ್ನುವ ಜಾಗ ಸಿಕ್ಕಿದ್ದು ಟ್ರಂಕಿನಲ್ಲಿ. ಓದಲು ಚಿಕ್ಕಮಗಳೂರಿಗೋ ಮೂಡಿಗೆರೆಗೋ ಹೋಗಿ ಹಾಸ್ಟೆಲ್ ಸೇರಿದ ಹುಡುಗರು ಟ್ರಂಕಿನ ಮುಚ್ಚಳದ ಒಳಬದಿಗೆ ಚಿತ್ರ ಅಂಟಿಸಿಕೊಂಡರು. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’, ಸಿನಿಮಾದ ‘ವಿಜಯಚಿತ್ರ’, ‘ರೂಪತಾರಾ’ ಆ ಚಿತ್ರಗಳ ಮೂಲ. ‘ನಾಗರಹಾವು’ 1972ರಲ್ಲಿ, ‘ಗಂಧದ ಗುಡಿ’ 1973ರಲ್ಲಿ ಬಂದವು. ಮುಚ್ಚಳ ತೆರೆದರೆ ರಾಮಾಚಾರಿಯಾಗಿ ವಿಷ್ಣುವರ್ಧನ್, ಇಲ್ಲವೇ ಅರಣ್ಯಾಧಿಕಾರಿಯಾಗಿ ರಾಜಕುಮಾರ್. ಕ್ರಿಕೆಟ್ ಹುಚ್ಚಿನವರಿಗೆ 1978ರಿಂದ ‘ಸ್ಪೋರ್ಟ್‌ಸ್ಟಾರ್’ ಪೋಸ್ಟರುಗಳನ್ನು ಒದಗಿಸಿತು. ಗುಂಡಪ್ಪ ವಿಶ್ವನಾಥ್, ಕಿರ್ಮಾನಿ, 1983ರ ವಿಶ್ವಕಪ್ ಆದ ಮೇಲೆ ರೋಜರ್ ಬಿನ್ನಿ.

ಮೊದಲ ಸ್ವಂತ ಕೋಣೆಗಳಲ್ಲಿ ಕೆಲವು ಬಂದದ್ದು ಗಣಿಯ ಜೊತೆಗೆ. ಕಳಸದ ಆಚೆ, ಕಾರ್ಕಳದ ದಾರಿಯಲ್ಲಿ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಗಿ ಕಾಡಿನ ನಡುವೆ ಒಂದು ಟೌನ್‌ಶಿಪ್ಪೇ ಎದ್ದಿತು. ಸಿಮೆಂಟಿನ ಗೋಡೆಯ ಕ್ವಾರ್ಟರ್ಸುಗಳಲ್ಲಿ ಮಕ್ಕಳ ಓದಿಗೆ ಬೇರೆ ಜಾಗ ಸಿಕ್ಕಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಆ ಮನೆಗಳು ಬರಿದಾದವು.

ಹಳ್ಳಿಗಳಿಗೆ ಸ್ವಂತ ಕೋಣೆ ತಂದದ್ದು ಕಾಫಿಯ ಬೆಲೆ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೇ ಕೊಡಬೇಕೆಂಬ ಕಟ್ಟು 1992ರಿಂದ ಹಂತಹಂತವಾಗಿ ಸಡಿಲಿ 1996ರಲ್ಲಿ ಪೂರ್ತಿ ಹೋಯಿತು. ಅದರ ನಡುವೆ, 1994ರಲ್ಲಿ ಬ್ರೆಜಿಲಿನ ಕಾಫಿ ತೋಟಗಳಿಗೆ ಹಿಮ ಬಡಿಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಏರಿತು, ಆ ಏರಿಕೆ ಸಣ್ಣ ಬೆಳೆಗಾರರ ಕೈಗೂ ಬಂತು. ಹಂಚಿನ ಮನೆಯ ಪಕ್ಕದಲ್ಲಿ ಆರ್‌ಸಿಸಿ ಮನೆಗಳು ಎದ್ದವು. ನಕ್ಷೆಯಲ್ಲಿ ‘ಮಕ್ಕಳ ಕೋಣೆ’ ಎಂಬ ಚೌಕ ಕಾಣಿಸಿಕೊಂಡಿತು. ಬ್ರೆಜಿಲಿನ ಒಂದು ಚಳಿಗಾಲಕ್ಕೂ ಮೂಡಿಗೆರೆಯ ಹುಡುಗಿಯೊಬ್ಬಳ ಕೋಣೆಯ ಬಾಗಿಲಿಗೂ ಇರುವ ನಂಟು ದೂರದ್ದಾದರೂ ಸುಳ್ಳಲ್ಲ.

ಹೊಸ ಗೋಡೆಗೆ ಹೊಸ ತೊಡಕೂ ಬಂತು. ಮಣ್ಣಿನ ಗೋಡೆ ತೇವವನ್ನು ಹೀರಿ ಬಿಡುತ್ತಿತ್ತು. ಸುಣ್ಣ ಗಾಳಿಯೊಡನೆ ಕೂಡಿ ನಿಧಾನಕ್ಕೆ ಕಲ್ಲಾಗುತ್ತದೆ, ಉಸಿರಾಡಲೂ ಬಿಡುತ್ತದೆ. ಸಿಮೆಂಟಿನ ಗೋಡೆಗೆ ಹೊಳಪಿನ ಪೇಂಟು ಬಳಿದಾಗ ನೀರು ಒಳಗೇ ಸಿಕ್ಕಿ, ಆಗಸ್ಟಿನ ಹೊತ್ತಿಗೆ ಬಣ್ಣ ಬೊಕ್ಕೆಯೆದ್ದು ಕಳಚುತ್ತದೆ. ಪೇಟೆಯಿಂದ ತಂದ ಅಂಟಿಸುವ ಸ್ಟಿಕ್ಕರುಗಳು, ಪ್ಲಾಸ್ಟಿಕ್ ವಾಲ್‌ಪೇಪರುಗಳು ಹಿಂದೆ ಕರಿ ಬೂಷ್ಟು ಬೆಳೆಸಿಕೊಂಡು ಸುರುಳಿ ಸುತ್ತುತ್ತವೆ. ಹಳಬರು ಪಟಗಳನ್ನು ಗೋಡೆಗೆ ಒತ್ತಿ ಹಾಕದೆ ಮೇಲ್ತುದಿ ಮುಂದಕ್ಕೆ ಬಾಗುವಂತೆ ಕಟ್ಟಿ, ಹಿಂದೆ ಗಾಳಿ ಆಡಲು ಬಿಡುತ್ತಿದ್ದರು. ಬಗ್ಗಿದ ಪಟ ಕೆಳಗೆ ನಿಂತವರ ಕಣ್ಣಿಗೂ ನೇರವಾಗಿ ಸಿಗುತ್ತಿತ್ತು.

ಈ ತೊಡಕಿಗೆ ಕಾಫಿ ನಾಡಿನಲ್ಲೇ ಉತ್ತರವಿದೆ. ಚಿತ್ರವನ್ನು ಗೋಡೆಯ ಮೇಲೆ ಬರೆಯುವ ಬದಲು ಗೋಡೆಯಿಂದ ಬಿಡಿಸಿ ತೆಗೆಯಬಹುದಾದ ಹಲಗೆಯ ಮೇಲೆ ಬರೆಯುವುದು. ಕಾಫಿ ತುಂಬಿದ ಗೋಣಿ ಚೀಲವನ್ನು ಬಿಚ್ಚಿ, ಮರದ ಚೌಕಟ್ಟಿಗೆ ಬಿಗಿದು, ಕೆಮ್ಮಣ್ಣಿಗೆ ಸ್ವಲ್ಪ ಅಂಟು ಬೆರೆಸಿ ಎರಡು ಪದರ ಬಳಿದರೆ ಹಳೆಯ ಮಣ್ಣಿನ ಗೋಡೆಯದೇ ಒರಟು ಮೈ ಬರುತ್ತದೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಚೆನ್ನಾಗಿ ಕೂರುತ್ತದೆ. ಚೀಲದ ಮೇಲೆ ತೋಟದ ಗುರುತು ಒತ್ತಲು ಬಳಸುವ ತಗಡಿನ ಅಚ್ಚುಗಳಿವೆಯಲ್ಲ, ಅದೇ ಉಪಾಯದಲ್ಲಿ ರಟ್ಟನ್ನು ಕತ್ತರಿಸಿ ಎಲೆ, ಹಕ್ಕಿ, ಅಕ್ಷರಗಳ ಅಚ್ಚು ಮಾಡಿಕೊಳ್ಳಬಹುದು. ದಪ್ಪ ಡಿಕಾಕ್ಷನ್ನಿನಿಂದ ಚಿತ್ರ ಬರೆಯುವುದು ಈಗ ಬಹಳ ಕಡೆ ನಡೆದಿದೆ. ಒಂದರ ಮೇಲೊಂದು ಪದರ ಹಚ್ಚಿದಷ್ಟೂ ಕಂದು ಗಾಢವಾಗುತ್ತದೆ, ಬೇರೆ ಬಣ್ಣವೇ ಬೇಡ. ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬುಡವನ್ನು ತೊಗಟೆ ತೆಗೆದು ಉಜ್ಜಿ ನುಣುಪಾಗಿಸಿದರೆ ಅದರ ಕೊಂಬೆಗಳು ಗೋಡೆಯ ಗೂಟವಾಗುತ್ತವೆ. ಒಂದು ಕಾಲದಲ್ಲಿ ಕಡವೆಯ ಕೊಂಬು ಇದ್ದ ಜಾಗಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ಹಸೆ ಚಿತ್ತಾರವೂ ಈಗ ಹೀಗೆ ಗೋಡೆಯಿಂದ ಇಳಿದು ಬಟ್ಟೆಗೆ, ಹಲಗೆಗೆ, ಕಾಗದಕ್ಕೆ ಬಂದಿದೆ. ಸಾಗರ ಸೀಮೆಯ ಕಲಾವಿದರು ಶಿಬಿರಗಳಲ್ಲಿ ಅದನ್ನು ಕಲಿಸುತ್ತಾರೆ. ಬೆಂಗಳೂರಿನ ಮಕ್ಕಳೂ ಪುಂಡಿ ನಾರಿನ ಕುಂಚ ಹಿಡಿಯುತ್ತಾರೆ. ಇದು ಸಂತೋಷದ ಸುದ್ದಿಯೇ. ಜಾತಿಯ, ಮದುವೆಯ ಚೌಕಟ್ಟಿನಾಚೆ ಯಾರು ಬೇಕಾದರೂ ಆ ಗೆರೆಯನ್ನು ಕಲಿಯಬಹುದಾಗಿದೆ, ಗಂಡುಹುಡುಗರು ಕೂಡ. ಆದರೆ ಶಿಬಿರದಲ್ಲಿ ಎರಡು ದಿನಕ್ಕೆ ಕಲಿತವರಿಗೆ ಗೆರೆ ಬರುತ್ತದೆ, ಹಾಡು ಬರುವುದಿಲ್ಲ. ಚಿತ್ತಾರಗಿತ್ತಿಯ ಕೈಯೂ ಬಾಯೂ ಒಟ್ಟಿಗೆ ಓಡುತ್ತಿದ್ದವು. ಗೆರೆಗಳನ್ನು ಕಲಿಸುವವರು ಹಾಡನ್ನೂ ಪಾಠದೊಳಗೆ ತರಬೇಕು.

ಬಣ್ಣಗಳಲ್ಲಿ ಹೆಚ್ಚು ಕಷ್ಟಕ್ಕೆ ಬಿದ್ದಿರುವುದು ಹಳದಿ. ಅಕ್ಕಿ ಎಲ್ಲರ ಮನೆಯಲ್ಲಿದೆ, ಕೆಮ್ಮಣ್ಣು ಅಂಗಳದ ತುದಿಯಲ್ಲಿದೆ. ಗುರಿಗೆ ಕಾಯಿಗೆ ಮಾತ್ರ ಕಾಡಿಗೇ ಹೋಗಬೇಕು, ಅದು ಬಿಡುವ ಕಾಲಕ್ಕೆ ಕಾಯಬೇಕು, ಮರದ ಗುರುತು ಗೊತ್ತಿರಬೇಕು. ಗುರುತು ಬಲ್ಲವರಲ್ಲಿ ಹೆಚ್ಚಿನವರು ಅಜ್ಜಿಯರು. ಹಾಗಾಗಿ ಹೊಸಬರು ಅಂಗಡಿಯ ಹಳದಿ ಪುಡಿಗೋ ಪೋಸ್ಟರ್ ಬಣ್ಣಕ್ಕೋ ಹೊರಳಿದ್ದಾರೆ. ಚಿತ್ತಾರ ಕಲಿಸುವ ಶಾಲೆಗಳು ಮಕ್ಕಳನ್ನು ಒಂದು ದಿನ ಆ ಅಜ್ಜಿಯರ ಜೊತೆ ಕಾಡಿಗೆ ಕಳಿಸಿ ಮರ ತೋರಿಸಬೇಕು, ನಾಲ್ಕು ಬೀಜ ತಂದು ಶಾಲೆಯ ಬೇಲಿಯ ಬದಿಯಲ್ಲಿ ನೆಡಿಸಬೇಕು.